ಇಳಿಜಾರಿನಲ್ಲಿ ಎಂಜಿನ್ ಏಕೆ ನಿಂತಿತು?

ಮಳವಳ್ಳಿಯಿಂದ ಹಲಗೂರಿಗೆ ಬಂದು, ಅಲ್ಲಿಂದ ಮುತ್ತತ್ತಿಯ ಕಡೆ ಹೊರಟರೆ ಕಾಡಿನ ನಡುವೆ ತಿರುವುಗಳ ರಸ್ತೆ ಕಾವೇರಿಯ ದಡಕ್ಕೆ ಇಳಿಯುತ್ತದೆ. ಒಂದು ಹಳೆಯ ಯೆಜ್ಡಿ ಮೋಟಾರ್ ಸೈಕಲ್ ಈ ರಸ್ತೆಯಲ್ಲಿ ಹೋಗುತ್ತಿದೆ ಎಂದು ಭಾವಿಸಿ. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಅಲ್ಲಿಯವರೆಗೂ ಅದು ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಇಳಿಜಾರು ಬಂದಿತು. ಸವಾರ ಎಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿದ. ಎಂಜಿನ್ ಒಂದೆರಡು ಸಲ ಗುಟುಕು ಹಾಕಿ ನಿಂತೇಹೋಯಿತು! ಕಿಕ್ ಹೊಡೆದರೆ ಒಂದೇ ಏಟಿಗೆ ಮತ್ತೆ ಶುರು. ಎಕ್ಸಿಲರೇಟರ್ ಕೊಟ್ಟರೆ ಚೆನ್ನಾಗಿಯೇ ಎಳೆಯುತ್ತದೆ. ಮುಂದಿನ ಇಳಿಜಾರಿನಲ್ಲಿ ಮಾತ್ರ ಮತ್ತೆ ಅದೇ ಕಥೆ.

ಏರು ಹತ್ತುವಾಗ ನಿಂತಿದ್ದರೆ ಆಯಾಸ ಎನ್ನಬಹುದಿತ್ತು. ಕೆಲಸವೇ ಇಲ್ಲದಾಗ ನಿಲ್ಲುವುದೇಕೆ? ಈ ಪ್ರಶ್ನೆಯನ್ನು ಹಿಡಿದು ನಾವೇ ಮೆಕ್ಯಾನಿಕ್ ಆಗೋಣ.

ಮೊದಲು ಈ ಗಾಡಿಯ ಪರಿಚಯ. ಜಾವಾ ಎಂಬುದು ಝೆಕ್ ದೇಶದ ಕಂಪನಿ. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ 1929ರಲ್ಲಿ ಅದಕ್ಕೆ ಆ ಹೆಸರಿಟ್ಟರು. 1960ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಈ ಮೋಟಾರ್ ಸೈಕಲ್‌ಗಳನ್ನು ಮಾಡತೊಡಗಿತು. ಮುಂದೆ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮೈಸೂರು, ಮಂಡ್ಯದ ಕಡೆ ಆ ಗಾಡಿಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅದರಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಹಾಕುವ ಕಡ್ಡಿಯೂ ಹೌದು. ಹೊಸಬರು ಇದನ್ನು ಕಂಡು ತಬ್ಬಿಬ್ಬಾಗುತ್ತಾರೆ.

ಈಗ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಕಬ್ಬು ತುಂಬಿದ ಗಾಡಿಯನ್ನು ಏರಿನಲ್ಲಿ ಎತ್ತುಗಳು ಎಳೆಯುತ್ತವೆ. ಇಳಿಜಾರಿನಲ್ಲಿ ಗಾಡಿಯೇ ಎತ್ತುಗಳನ್ನು ತಳ್ಳುತ್ತದೆ, ಎತ್ತುಗಳು ಹಿಂದಕ್ಕೆ ಒತ್ತುಕೊಟ್ಟು ತಡೆಯುತ್ತವೆ. ಮೋಟಾರ್ ಸೈಕಲ್ ಗೇರಿನಲ್ಲಿದ್ದಾಗಲೂ ಹೀಗೆಯೇ. ಎಕ್ಸಿಲರೇಟರ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಆಗ ಒಳಗೆ ಪೆಟ್ರೋಲ್ ಉರಿಯದಿದ್ದರೂ ಎಂಜಿನ್ ತಿರುಗುತ್ತಲೇ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ! ಕ್ಲಚ್ ಹಿಡಿದರೆ ಅಥವಾ ನ್ಯೂಟ್ರಲ್ ಮಾಡಿದರೆ ಎತ್ತುಗಳನ್ನು ನೊಗದಿಂದ ಬಿಚ್ಚಿದ ಹಾಗೆ. ಚಕ್ರದ ಸಹಾಯ ತಪ್ಪುತ್ತದೆ. ಎಂಜಿನ್ ತನ್ನ ಸ್ವಂತ ಬಲದಿಂದ ನಿಧಾನವಾಗಿ ತಿರುಗುತ್ತಿರಬೇಕು. ಇದನ್ನೇ ಐಡ್ಲಿಂಗ್ ಎನ್ನುತ್ತಾರೆ.

ಆದ್ದರಿಂದ ನಮ್ಮ ಮೊದಲ ಸುಳಿವು ಇದು: ಕ್ಲಚ್ ಹಿಡಿದ ಕ್ಷಣದಲ್ಲಿ ದೋಷ ಹುಟ್ಟಲಿಲ್ಲ. ಅದು ಮೊದಲೇ ಇತ್ತು, ಚಕ್ರ ಅದನ್ನು ಮುಚ್ಚಿಟ್ಟಿತ್ತು.

ಎಂಜಿನ್ ಉರಿಯಲು ಗಾಳಿ, ಪೆಟ್ರೋಲ್, ಕಿಡಿ ಮೂರೂ ಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ. ಈ ಮಿಶ್ರಣವನ್ನು ಕಾರ್ಬೊರೇಟರ್ ತಯಾರಿಸುತ್ತದೆ. ಕಾರ್ಬೊರೇಟರನ್ನು ನಾಲೆಯ ತೂಬಿಗೆ ಹೋಲಿಸಬಹುದು. ಎಕ್ಸಿಲರೇಟರ್ ತಿರುಗಿಸಿದರೆ ಒಳಗಿನ ಬಾಗಿಲು ಮೇಲೇಳುತ್ತದೆ. ಗಾಳಿ ರಭಸದಿಂದ ನುಗ್ಗಿ, ದೊಡ್ಡ ಜೆಟ್ಟಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಜೆಟ್ ಎಂದರೆ ಅಳತೆಗೆ ಕೊರೆದ ರಂಧ್ರವಿರುವ ಪುಟ್ಟ ಹಿತ್ತಾಳೆ ತುಂಡು. ಎಕ್ಸಿಲರೇಟರ್ ಬಿಟ್ಟಾಗ ಬಾಗಿಲು ಬಹುಪಾಲು ಮುಚ್ಚುತ್ತದೆ. ದೊಡ್ಡ ಜೆಟ್ಟಿನ ಬಳಿ ಗಾಳಿಗೆ ರಭಸವಿಲ್ಲ, ಅಲ್ಲಿಂದ ಪೆಟ್ರೋಲ್ ಏಳುವುದಿಲ್ಲ. ಆಗ ಎಂಜಿನ್ನಿಗೆ ಅನ್ನ ಹಾಕುವುದು ಸ್ಲೋ ಜೆಟ್ ಎಂಬ ಇನ್ನೊಂದು ದಾರಿ. ಅದರ ರಂಧ್ರ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಒಂದು ಕಸದ ಕಣ ಸಾಕು ಅದನ್ನು ಮುಚ್ಚಲು.

ಸ್ಲೋ ಜೆಟ್ಟೇ ಕಳ್ಳ ಎಂದು ಈಗಲೇ ತೀರ್ಮಾನಿಸಬಹುದೇ? ಬೇಡ. ಅವಸರದ ಮೆಕ್ಯಾನಿಕ್ ಒಂದೊಂದಾಗಿ ಎಲ್ಲವನ್ನೂ ಬಿಚ್ಚಿ ಹಾಕುತ್ತಾನೆ. ಒಳ್ಳೆಯ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು, ಯಾವಾಗ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ ಎಂದು ಕೇಳುತ್ತಾನೆ. ಆ ಎರಡನೆಯ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಬರಲು ಒಂದು ಸಣ್ಣ ತೂತಿರುತ್ತದೆ. ಅದು ಕಟ್ಟಿಕೊಂಡರೂ ಗಾಡಿ ನಿಲ್ಲುತ್ತದೆ. ಆದರೆ ಆಗ ವೇಗವಾಗಿ ಓಡುವಾಗ, ಹೆಚ್ಚು ಪೆಟ್ರೋಲ್ ಬೇಕಾದಾಗ ನಿಲ್ಲಬೇಕಿತ್ತು. ಮದ್ದೂರಿನಿಂದ ಮಳವಳ್ಳಿಗೆ ಅದು ಸಲೀಸಾಗಿ ಬಂದಿದೆ. ಮುಚ್ಚಳ ನಿರಪರಾಧಿ. ದೊಡ್ಡ ಜೆಟ್ ಕೂಡ.

ಹಾಗಾದರೆ ಇಳಿಜಾರೇ ಕಾರಣವೇ? ಒಂದು ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ ನಿಧಾನವಾಗಿ ಓರೆ ಮಾಡಿ. ಲೋಟ ಓರೆಯಾದರೂ ನೀರಿನ ಮೇಲ್ಮೈ ಸಮತಟ್ಟಾಗಿಯೇ ಇರುತ್ತದೆ. ಒಂದು ಬದಿಯಲ್ಲಿ ಆಳ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ. ಗಾಡಿ ಮೂತಿ ಕೆಳಗೆ ಮಾಡಿದಾಗ ಟ್ಯಾಂಕಿನಲ್ಲೂ ಹೀಗಾಗುತ್ತದೆ. ಪೆಟ್ರೋಲ್ ಕಡಿಮೆಯಿದ್ದು, ಕೊಳಾಯಿ ಹಿಂಭಾಗದಲ್ಲಿದ್ದರೆ ಅದರ ಬಾಯಿಗೆ ಪೆಟ್ರೋಲ್ ಸಿಗದೇ ಹೋಗಬಹುದು. ಇದನ್ನು ಪರೀಕ್ಷಿಸುವುದು ಸುಲಭ. ಸಮನೆಲದಲ್ಲಿ ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ ಶುರುಮಾಡಿ, ಎಕ್ಸಿಲರೇಟರ್ ಬಿಟ್ಟು ನೋಡಬೇಕು. ನಮ್ಮ ಯೆಜ್ಡಿ ಅಲ್ಲಿಯೂ ನಿಂತುಹೋಯಿತು. ಇಳಿಜಾರಿನ ಮೇಲಿನ ಅನುಮಾನ ಹೋಯಿತು.

ಇನ್ನು ಕಿಡಿ. ನಿಮ್ಮ ಮನೆಯಲ್ಲಿ ಡೈನಮೊ ದೀಪದ ಸೈಕಲ್ ಇದೆಯೇ? ಜೋರಾಗಿ ತುಳಿದರೆ ಬೆಳಕು ಪ್ರಖರ, ನಿಧಾನವಾದರೆ ಮಂಕು. ಹಳೆಯ ಜಾವಾಗಳಲ್ಲಿಯೂ ಡೈನಮೊ, ಜೊತೆಗೆ 6 ವೋಲ್ಟ್ ಬ್ಯಾಟರಿ ಇರುತ್ತಿದ್ದವು. ಎಂಜಿನ್ ನಿಧಾನವಾದಾಗ ಡೈನಮೊ ಸಾಕಷ್ಟು ವಿದ್ಯುತ್ ಕೊಡಲಾರದು, ಕಿಡಿಯ ಹೊರೆಯೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ಬ್ಯಾಟರಿ ಸೋತಿದ್ದರೆ ಕಿಡಿಯೂ ಸೋಲುತ್ತದೆ, ಎಂಜಿನ್ ನಿಲ್ಲುತ್ತದೆ. ನೋಡಿ, ಕಾರಣ ಬೇರೆ, ಲಕ್ಷಣ ಒಂದೇ! ಇವೆರಡನ್ನು ಬೇರ್ಪಡಿಸಲು ಮೆಕ್ಯಾನಿಕ್ ಒಂದು ಸರಳ ಉಪಾಯ ಮಾಡುತ್ತಾನೆ. ಹೆಡ್‌ಲೈಟ್ ಹಾಕಿ ನಿಧಾನವಾಗಿ ಎಕ್ಸಿಲರೇಟರ್ ಬಿಡುತ್ತಾನೆ. ದೀಪ ಹಳದಿಯಾಗಿ ಮಂಕಾಗಿ, ಎಂಜಿನ್ ಎಂದಿಗಿಂತ ಬೇಗ ನಿಂತರೆ ಬ್ಯಾಟರಿಯ ಕಡೆ ನೋಡಬೇಕು. ದೀಪ ಹಾಕಿದರೂ ಹಾಕದಿದ್ದರೂ ಒಂದೇ ರೀತಿ ನಿಂತರೆ ಪೆಟ್ರೋಲಿನ ಕಡೆ ನೋಡಬೇಕು. ನಮ್ಮ ಗಾಡಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಇನ್ನೂ ಒಬ್ಬ ಆರೋಪಿ ಉಳಿದಿದ್ದಾನೆ: ಕಾರ್ಬೊರೇಟರ್ ಮತ್ತು ಎಂಜಿನ್ ಕೂಡುವಲ್ಲಿ ಬಿರುಕಿದ್ದರೆ ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ. ಎಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಅಷ್ಟು ಗಾಳಿ ಲೆಕ್ಕಕ್ಕಿಲ್ಲ. ಬಾಗಿಲು ಮುಚ್ಚಿದಾಗ ಮಾತ್ರ ಮಿಶ್ರಣ ಕೆಡುತ್ತದೆ. ಆ ಸಂದಿಗೆ ಸೋಪಿನ ನೀರು ಹಚ್ಚಿ ಮೆಕ್ಯಾನಿಕ್ ಕಿವಿಗೊಡುತ್ತಾನೆ. ಬಿರುಕಿದ್ದರೆ ನೀರು ಒಳಗೆ ಎಳೆದುಕೊಂಡು ಶಬ್ದ ಬದಲಾಗುತ್ತದೆ. ಶಬ್ದ ಬದಲಾಗಲಿಲ್ಲ. ಕಾರ್ಬೊರೇಟರ್‌ನ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿದರೂ ಐಡ್ಲಿಂಗ್‌ನಲ್ಲಿ ವ್ಯತ್ಯಾಸವಿಲ್ಲ. ಆ ತಿರುಪು ಹೊಂದಿಸುವುದು ಸ್ಲೋ ಜೆಟ್ಟಿನ ದಾರಿಯನ್ನೇ. ದಾರಿಯೇ ಕಟ್ಟಿದ್ದರೆ ತಿರುಪು ಏನು ಮಾಡೀತು? ಈಗ ಸ್ಪ್ಯಾನರ್ ಹಿಡಿಯಬಹುದು. (ಇದೆಲ್ಲ ದೊಡ್ಡವರ ಕೆಲಸ. ಬಿಸಿ ಎಂಜಿನ್, ಪೆಟ್ರೋಲ್ ಎರಡನ್ನೂ ನೀವು ಮುಟ್ಟಬೇಡಿ, ದೂರ ನಿಂತು ನೋಡಿ.)

ಇದು ಬರೀ ಕಿರಿಕಿರಿಯ ವಿಷಯವಲ್ಲ. ಪೆಟ್ರೋಲ್ ಉಳಿಸಲೆಂದು ಕೆಲವರು ಇಳಿಜಾರಿನಲ್ಲಿ ಬೇಕೆಂದೇ ಎಂಜಿನ್ ಆಫ್ ಮಾಡುತ್ತಾರೆ. ತುಂಬಾ ಕೆಟ್ಟ ಅಭ್ಯಾಸ. ಬಹುತೇಕ ಕಾರುಗಳ ಬ್ರೇಕಿಗೆ ಎಂಜಿನ್ನಿನ ಎಳೆತವೇ ಬಲ ಕೊಡುತ್ತದೆ. ಎಂಜಿನ್ ನಿಂತ ಮೇಲೆ ಕೆಲವು ಸಲ ತುಳಿಯುವಷ್ಟರಲ್ಲಿ ಆ ಬಲ ಮುಗಿದು ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಕೀಲಿ ತೆಗೆದರೆ ಸ್ಟಿಯರಿಂಗ್ ಕೂಡ ಬಿಗಿದುಕೊಳ್ಳಬಹುದು.

ಯೆಜ್ಡಿಯಂತಹ ಟೂ ಸ್ಟ್ರೋಕ್ ಎಂಜಿನ್ನಿನ ಕಷ್ಟ ಇನ್ನೊಂದು ಬಗೆಯದು. ಅದಕ್ಕೆ ಬೇಕಾದ ಆಯಿಲನ್ನು ಪೆಟ್ರೋಲಿಗೇ ಬೆರೆಸಿರುತ್ತಾರೆ. ಗೇರಿನಲ್ಲೇ ಎಕ್ಸಿಲರೇಟರ್ ಮುಚ್ಚಿ ಬಹುದೂರ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಆಯಿಲ್ ಮಾತ್ರ ಹನಿಯಷ್ಟೂ ಸರಿಯಾಗಿ ಬರುವುದಿಲ್ಲ. ಅದಕ್ಕೇ ಹಳೆಯ ಸವಾರರು ಉದ್ದನೆಯ ಇಳಿಜಾರಿನಲ್ಲಿ ಆಗಾಗ ಸ್ವಲ್ಪ ಎಕ್ಸಿಲರೇಟರ್ ಕೊಡುತ್ತಿದ್ದರು. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಟೂ ಸ್ಟ್ರೋಕ್ ಕಾರುಗಳಲ್ಲಿ ಸೈಕಲ್ಲಿನ ಫ್ರೀವೀಲ್‌ನಂತಹ ಏರ್ಪಾಡನ್ನೇ ಇಟ್ಟಿತ್ತು. ಎಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ ಚಕ್ರದಿಂದ ಬೇರೆಯಾಗಿ ಐಡ್ಲಿಂಗ್‌ಗೆ ಬರುತ್ತಿತ್ತು. ಅಂತಹ ಪುಟ್ಟ ಕಾರು 1962ರಲ್ಲಿ ಪ್ರಸಿದ್ಧ ಮಾಂಟೆ ಕಾರ್ಲೊ ರ‍್ಯಾಲಿಯನ್ನೇ ಗೆದ್ದಿತು! 2018ರಲ್ಲಿ ಮರಳಿ ಬಂದ ಹೊಸ ಜಾವಾಗಳು ಫೋರ್ ಸ್ಟ್ರೋಕ್. ಅವುಗಳಲ್ಲಿ ಕಾರ್ಬೊರೇಟರ್ ಇಲ್ಲ, ಪೆಟ್ರೋಲನ್ನು ಪುಟ್ಟ ಕಂಪ್ಯೂಟರ್ ಅಳೆದು ಕೊಡುತ್ತದೆ.

ಸರಿ, ಜೆಟ್ಟಿನಲ್ಲಿ ಏನಿತ್ತು? ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಗಾಡಿಯಲ್ಲಿ ಪೆಟ್ರೋಲ್ ಆರಿ ಅಂಟು ಉಳಿಯುತ್ತದೆ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಆ ಪಾಲು ನೂರಕ್ಕೆ 20 ಮುಟ್ಟಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥನಾಲ್ ಮಾಡಬಹುದು, ಅಂದರೆ ಮಂಡ್ಯದ ಕಬ್ಬಿಗೂ ಇದಕ್ಕೂ ನಂಟಿದೆ. ಆದರೆ ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರಿಗೂ ಅದಕ್ಕೂ ಅಷ್ಟಾಗಿ ಹೊಂದುವುದಿಲ್ಲ. ಟ್ಯಾಂಕಿಗೆ ತುಕ್ಕು ಹಿಡಿದರೆ ಆ ಪುಡಿಯೂ ಕೆಳಗಿಳಿಯುತ್ತದೆ.

ಮೆಕ್ಯಾನಿಕ್ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದ. ರಂಧ್ರದಲ್ಲಿ ಬೆಳಕು ಕಾಣಲಿಲ್ಲ. ಅವನು ಸೂಜಿ ತುರುಕಲಿಲ್ಲ. ಹಿತ್ತಾಳೆ ಮೆತು, ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಡುತ್ತದೆ. ಜೆಟ್ಟನ್ನು ತೊಳೆದು, ಪಂಪಿನ ಗಾಳಿ ಹೊಡೆದು ಮತ್ತೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ಕಂಡಿತು. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಚೆಲ್ಲಿಸಿ ಹೊಸದನ್ನು ಹಾಕಿಸಿದ. ಆಮೇಲೆ ಎಕ್ಸಿಲರೇಟರ್ ಬಿಟ್ಟು, ಕ್ಲಚ್ ಹಿಡಿದು, ಎರಡು ನಿಮಿಷ ಸುಮ್ಮನೆ ಕೇಳುತ್ತ ನಿಂತ. ಎಂಜಿನ್ ನಿಲ್ಲಲಿಲ್ಲ.