ರೋಲ್ ಬಾರ್ ಪಾಠ: ಮರುದಿನ ತಿದ್ದಿಕೊಂಡದ್ದು

ಬೋಧನಾಭ್ಯಾಸದ ಎರಡನೇ ವಾರ ವಿಜಯನಗರದ ಪ್ರೌಢಶಾಲೆಯೊಂದರಲ್ಲಿ 9ನೇ ತರಗತಿಗೆ ಜಡತ್ವದ ಪಾಠ ಮಾಡುತ್ತಿದ್ದೆ. ವಿಸ್ತರಣಾ ಹಂತಕ್ಕೆ ಸುತ್ತಮುತ್ತಲಿನ ಉದಾಹರಣೆ ಬೇಕಿತ್ತು. ಅದನ್ನು ಒಬ್ಬ ಹುಡುಗನೇ ಕೊಟ್ಟ. "ಮಿಸ್, ನಮ್ಮಣ್ಣ ಓಪನ್ ಜೀಪಿಗೆ ಕಾಮಾಕ್ಷಿಪಾಳ್ಯದಲ್ಲಿ ಪೈಪ್ ಬಗ್ಗಿಸಿ ಬಾರ್ ಹಾಕಿಸ್ತಾ ಇದಾನೆ. ಇನ್ಮೇಲೆ ಪಲ್ಟಿಯಾದ್ರೂ ಏನೂ ಆಗಲ್ವಂತೆ, ಹೌದಾ?"

ಮರುದಿನ ಶೂ ಡಬ್ಬದ ಮಾದರಿ ತಂದೆ. ಮುಚ್ಚಳ ಹಾಕಿ ತಿರುಚಿದರೆ ಡಬ್ಬ ಬಗ್ಗಲಿಲ್ಲ. ಮುಚ್ಚಳ ತೆಗೆದೊಡನೆ ಸಲೀಸಾಗಿ ತಿರುಚಿಕೊಂಡಿತು. ಚಾವಣಿ ಇಲ್ಲದ ವಾಹನದ ಮೊದಲ ಕೊರತೆ ಇದೇ. ಒಳಗೆ ಜೇಡಿಮಣ್ಣಿನ ಗೊಂಬೆ ಕೂರಿಸಿ, ಡಬ್ಬ ಮಗುಚಿ, ಮೇಲೆ ಪುಸ್ತಕಗಳನ್ನಿಟ್ಟೆವು. ಗೊಂಬೆಯ ತಲೆ ಅಪ್ಪಚ್ಚಿಯಾಯಿತು. ಮಕ್ಕಳು ನಕ್ಕರು, ಆ ಹುಡುಗ ನಗಲಿಲ್ಲ.

ಆಮೇಲೆ ದಿನಪತ್ರಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೂರು ಕೊಳವೆಗಳನ್ನು ಬಾಗಿಲ ಚೌಕಟ್ಟಿನಂತೆ ಜೋಡಿಸಿ ಗೊಂಬೆಯ ಹಿಂದೆ ನಿಲ್ಲಿಸಿದೆವು. ಡಬ್ಬವನ್ನು ಮಗುಚಿ ಸ್ವಲ್ಪ ತಳ್ಳಿದಾಗ ಚೌಕಟ್ಟು ಹಿಂದಕ್ಕೆ ಮಲಗಿತು. ಹಿಂಬದಿಗೆ ಎರಡು ಓರೆ ಆಸರೆ ಕೊಟ್ಟೆವು. ಈಗ ಕೊಳವೆಯ ಕಾಲು ಡಬ್ಬದ ತಳವನ್ನೇ ತೂತು ಮಾಡಿತು. ಕಾಲಿನ ಕೆಳಗೆ ದಪ್ಪ ರಟ್ಟು ಇಡೋಣ ಎಂದವಳು ಹಿಂದಿನ ಬೆಂಚಿನ ಹುಡುಗಿ. ನಿಜವಾದ ರ‍್ಯಾಲಿ ಕಾರುಗಳಿಗೂ ಇದೇ ನಿಯಮ: ಕಾಲಿನ ಕೆಳಗಿನ ಉಕ್ಕಿನ ತಟ್ಟೆ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ವಿಸ್ತೀರ್ಣ ಇರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ. ಮುಖ್ಯ ಬಾರಿಗೆ ಅದು ಹೇಳುವ ಒಂದು ಅಳತೆ 45 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ಗೋಡೆ.

ಗಟ್ಟಿ ಸಲಾಕೆಯ ಬದಲು ಪೊಳ್ಳು ಪೈಪು ಏಕೆ? ಹೊರವ್ಯಾಸದ ನಾಲ್ಕನೇ ಘಾತದಿಂದ ಒಳವ್ಯಾಸದ ನಾಲ್ಕನೇ ಘಾತವನ್ನು ಕಳೆದು ಹೋಲಿಸಿ ಎಂದೆ. ಇದು ಪಠ್ಯದಲ್ಲಿಲ್ಲ, ಆದರೂ ಕ್ಯಾಲ್ಕುಲೇಟರ್ ಹಿಡಿದು ಮಾಡಿದರು. ಅಷ್ಟೇ ತೂಕದ ಗಟ್ಟಿ ಸಲಾಕೆಯ ವ್ಯಾಸ ಸುಮಾರು 20.6 ಮಿ.ಮೀ. ಬಾಗುವಿಕೆಯನ್ನು ಪೈಪು ಅದಕ್ಕಿಂತ ಎಂಟೂವರೆ ಪಟ್ಟು ಹೆಚ್ಚು ತಡೆಯುತ್ತದೆ.

ಈ ಬಾರಿ ಗೊಂಬೆ ಉಳಿಯಿತು. "ಹಾಗಾದ್ರೆ ಏನೂ ಆಗಲ್ಲ ಅಲ್ವಾ ಮಿಸ್?" ಎಂದ ಹುಡುಗ. "ಸರಿಯಾಗಿ ಹಾಕಿಸಿದರೆ ಆಗಲ್ಲ" ಎಂದುಬಿಟ್ಟೆ.

ಹಿಂದೆ ಕೂತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ಗೊಂಬೆಯನ್ನು ತಳಕ್ಕೆ ಅಂಟಿಸಿದ್ದು ಏಕೆ?" ಉರುಳಬಾರದೆಂದು ಅಂಟಿಸಿದ್ದೆ, ಅಷ್ಟೇ. ಆದರೆ ಹಾಗೆ ಅಂಟಿಸಿದ್ದೇ ಸೀಟ್ ಬೆಲ್ಟ್! ಅದನ್ನು ನಾನು ಮಕ್ಕಳಿಗೆ ಹೇಳಿರಲೇ ಇಲ್ಲ. ಜಡತ್ವದ ಪಾಠದಲ್ಲಿ ಜಡತ್ವವನ್ನೇ ಅಂಟಿಸಿ ಮುಚ್ಚಿದ್ದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಮಾತು ಆಗಲೇ ಅವನ ಮನೆ ಸೇರಿತ್ತು.

ಮರುದಿನ ಮೊದಲ ಅವಧಿಯನ್ನೇ ಕೇಳಿ ಪಡೆದೆ. "ನಿನ್ನೆ ನಾನು ಹೇಳಿದ್ದು ತಪ್ಪು" ಎಂದು ಶುರು ಮಾಡಿ, ಗೊಂಬೆಯನ್ನು ಅಂಟಿಸದೆ ಡಬ್ಬ ಉರುಳಿಸಿದೆ. ಮೊದಲ ಸಲ ಅದು ಹೊರಗೆ ಬಿತ್ತು. ಎರಡನೇ ಸಲ ತಲೆ ನೇರವಾಗಿ ಬಾರಿಗೇ ಬಡಿಯಿತು. ಬಾರ್ ವಾಹನ ಪಲ್ಟಿಯಾಗುವುದನ್ನು ತಡೆಯುವುದಿಲ್ಲ, ಕೂತವರಿಗೆ ಜಾಗ ಉಳಿಸುತ್ತದೆ. ಆ ಜಾಗದಲ್ಲಿ ಅವರನ್ನು ಹಿಡಿದಿಡಬೇಕಾದದ್ದು ಬೆಲ್ಟ್. ಚಿಕ್ಕಮಗಳೂರಿನ ರ‍್ಯಾಲಿಗಳಲ್ಲಿ ಓಡಿಸುವವರು ಹೆಲ್ಮೆಟ್ ಹಾಕಿ, ಹಲವು ಪಟ್ಟಿಯ ಬೆಲ್ಟ್ ಬಿಗಿದು ಕೂರುತ್ತಾರೆ. ರಸ್ತೆಯ ಜೀಪಿನಲ್ಲಿ ಬರಿದಲೆಯ ಪಕ್ಕದಲ್ಲೇ ಉಕ್ಕಿನ ಪೈಪು. ಕಾನೂನನ್ನೂ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ವೆಲ್ಡಿಂಗ್‌ಗೆ ಮೊದಲು ರಾಜಾಜಿನಗರದ ಆರ್‌ಟಿಒದಲ್ಲಿ ಕೇಳಲಿ ಎಂದೆ.

ಸೋಮವಾರ ಹುಡುಗ ಒಂದು ಚೀಟಿ ತಂದ. ಟಾರ್ಪಾಲು ಕಟ್ಟುವ ಚೌಕಟ್ಟಿನ ಪೈಪನ್ನೇ ಅಂಗಡಿಯವರು ಬಾರಿಗೂ ಆರಿಸಿದ್ದರು: ಹೊರವ್ಯಾಸ 25 ಮಿ.ಮೀ., ಗೋಡೆ 2 ಮಿ.ಮೀ. ಲೆಕ್ಕವನ್ನು ಅವನೇ ಮಾಡಿದ್ದ. ಎಫ್‌ಐಎ ಪೈಪಿನ ಬಿಗುವಿನಲ್ಲಿ ಸುಮಾರು ಎಂಟನೇ ಒಂದು ಭಾಗ. ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಇತ್ತು: "ಹಿಂದಿನ ಸೀಟಿಗೆ ಬೆಲ್ಟ್ ಇಲ್ಲ. ಅಣ್ಣ ಕೆಲಸ ನಿಲ್ಲಿಸಿದಾನೆ."