ಲೋಟದ ಮೇಲಿನ ಕದನ

1802ರಲ್ಲಿ ಜಾನ್ ವಾರನ್ ಎಂಬ ಲೆಫ್ಟಿನೆಂಟನು ಮೈಸೂರು ರಾಜ್ಯದ ಪೂರ್ವದ ಎಲ್ಲೆಯನ್ನು ಅಳೆಯುತ್ತ ಮಾರಿಕುಪ್ಪಂ ಕಡೆಗೆ ಬಂದನು. ಆ ಸುತ್ತಿನ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ಬರೆದಿಟ್ಟನು. ಮುಂದೆ ಅಲ್ಲಿ ಆಳವಾದ ಗಣಿಗಳು ಬೆಳೆದು, 2001ರಲ್ಲಿ ಮುಚ್ಚಿದುದು ಎಲ್ಲರೂ ಬಲ್ಲ ಸಂಗತಿ. ಆದರೆ ವಾರನ್ನನು ಅಲ್ಲಿಗೆ ಬಂದುದಾದರೂ ಏಕೆ? 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಬಳಿಕ ರಾಜ್ಯದ ಗಡಿಗಳನ್ನು ಹೊಸದಾಗಿ ಗುರುತಿಸಬೇಕಾಯಿತು. ವಾರನ್ನನು ಸೇರಿದ್ದ 33ನೆಯ ರೆಜಿಮೆಂಟು ಆ ಮುತ್ತಿಗೆಯಲ್ಲಿ ಭಾಗವಹಿಸಿತ್ತು. ಟಿಪ್ಪುವಿನ ತಂದೆ ಹೈದರ್ ಅಲಿ ಹುಟ್ಟಿದ ಬೂದಿಕೋಟೆಯೂ ಇದೇ ಬಂಗಾರಪೇಟೆಯ ಸೀಮೆಯಲ್ಲಿದೆ.

ಆ ಕೋಟೆಯ ಪತನ ಇಂಗ್ಲೆಂಡಿನಲ್ಲಿ ಚಿತ್ರಕಾರರಿಗೆ ದೊಡ್ಡ ಸುಗ್ಗಿಯಾಯಿತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕನು ಸುಮಾರು 120 ಅಡಿ ಉದ್ದದ ಚಿತ್ರವನ್ನು ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು; ಜನ ಹಣ ಕೊಟ್ಟು ನೋಡಿದರು. ಅದನ್ನು ಬರೆಯುವಾಗ ಆತನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. 1839ರಲ್ಲಿ ಡೇವಿಡ್ ವಿಲ್ಕಿ ಮುಗಿಸಿದ ಚಿತ್ರ ಇನ್ನೂ ಪ್ರಸಿದ್ಧವಾದುದು. ಕೋಟೆಗೆ ನುಗ್ಗಿದ ಪಡೆಯ ನಾಯಕ ಬೇರ್ಡನು ದೀಪದ ಬೆಳಕಿನಲ್ಲಿ ಟಿಪ್ಪುವಿನ ದೇಹವನ್ನು ಕಂಡುಹಿಡಿದ ಕ್ಷಣ ಅದರ ವಸ್ತು. ಬರೆಯಿಸಿದವಳು ಬೇರ್ಡನ ವಿಧವೆ. ವಿಲ್ಕಿಯೂ ಭಾರತವನ್ನು ಕಂಡವನಲ್ಲ.

ಇಂತಹ ಚಿತ್ರಗಳು ಇಂದು ಉಡುಗೊರೆಯಾಗಿ ಕೊಡುವ ಪಿಂಗಾಣಿ ಲೋಟಗಳ ಮೇಲೂ ಅಚ್ಚಾಗುತ್ತವೆ. ವಿಶೇಷ ಬಣ್ಣಗಳಿಂದ ಚಿತ್ರವನ್ನು ಕಾಗದದ ಮೇಲೆ ತಿರುಗುಮುರುಗಾಗಿ ಅಚ್ಚುಮಾಡಿ, ಲೇಪ ಹಚ್ಚಿದ ಲೋಟಕ್ಕೆ ಸುತ್ತಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ನಿಮಿಷ ಒತ್ತಿಹಿಡಿಯುತ್ತಾರೆ. ಬಣ್ಣವು ಆವಿಯಾಗಿ ಲೇಪದೊಳಗೆ ಇಳಿಯುತ್ತದೆ, ತೊಳೆದರೆ ಹೋಗದು. ಆದರೆ ವಿಲ್ಕಿಯ ಚಿತ್ರ ಅಗಲಕ್ಕಿಂತ ಎತ್ತರವಾದುದು, ಸುಮಾರು ಮೂರೂವರೆ ಮೀಟರು. ಲೋಟದ ಮೈಯೋ ಅಡ್ಡವಾದುದು. ಆದುದರಿಂದ ಚಿತ್ರವನ್ನು ಬೆರಳಗಲಕ್ಕೆ ಕುಗ್ಗಿಸಬೇಕು, ಇಲ್ಲವೆ ಕತ್ತರಿಸಬೇಕು. ಮೇಲ್ಭಾಗವನ್ನು ಉಳಿಸಿಕೊಂಡರೆ ಕತ್ತಿ ಹಿಡಿದ ಬೇರ್ಡನು ನಿಲ್ಲುತ್ತಾನೆ. ಕೆಳಗೆ ಬಿದ್ದಿರುವ ಟಿಪ್ಪು ಮಾಯವಾಗುತ್ತಾನೆ.

ಮಾಯವಾಗುವುದು ಇನ್ನೊಂದುಂಟು. ಬೇರ್ಡನ ಪಾದಗಳ ಕೆಳಗೆ ವಿಲ್ಕಿ ಒಂದು ಕಬ್ಬಿಣದ ಜಾಲರಿಯನ್ನು ಬರೆದಿದ್ದಾನೆ. ಅದು ಸೆರೆಮನೆಯ ಕಿಂಡಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಸೈನ್ಯವನ್ನು ಸಂಪೂರ್ಣವಾಗಿ ಸೋಲಿಸಿದರು. ಅಂದು ಗಾಯಗೊಂಡು ಸೆರೆಸಿಕ್ಕವರಲ್ಲಿ ಬೇರ್ಡನೂ ಒಬ್ಬ. ಬೈಲಿಯು 1782ರಲ್ಲಿ ಸೆರೆಯಲ್ಲೇ ತೀರಿಕೊಂಡನು. ಬೇರ್ಡನು ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿದ್ದು 1784ರಲ್ಲಿ ಬಿಡುಗಡೆಯಾದನು. ಜಾಲರಿ ಕಾಣದಿದ್ದರೆ ಈ ಚಿತ್ರ ಬರಿಯ ವಿಜಯದ ಚಿತ್ರ. ಕಂಡರೆ ಹಳೆಯ ಸೋಲಿನ ನೆನಪೂ ಹೌದು.

ಆ ಸೋಲಿನ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿದೆ. ಟಿಪ್ಪುವೇ ಬರೆಯಿಸಿದ್ದು. ಹೈದರ್ ಮತ್ತು ಟಿಪ್ಪು ವಿಹಾರಕ್ಕೆ ಹೊರಟವರಂತೆ ಗುಲಾಬಿ ಮೂಸುತ್ತ ಸಾಗಿದ್ದಾರೆ. ಇನ್ನೊಂದೆಡೆ ಕೆಂಪಂಗಿಯ ಸಿಪಾಯಿಗಳ ಚೌಕದ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಬೈಲಿ ಪಲ್ಲಕ್ಕಿಯಲ್ಲಿ ಕುಗ್ಗಿ ಕುಳಿತಿದ್ದಾನೆ. ಇದನ್ನು ಬರೆದವರೂ ಗೆದ್ದವರ ಕಡೆಯವರೇ ಎಂಬುದನ್ನು ಮರೆಯಲಾಗದು.

ಕೋಟೆ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಇದೇ ಅರಮನೆಯಲ್ಲಿ ವಾಸವಾಗಿದ್ದನು. ಮಾಸಿಹೋಗಿದ್ದ ಈ ಚಿತ್ರವನ್ನು, ತನ್ನವರ ಸೋಲನ್ನೇ ಸಾರುವ ಚಿತ್ರವನ್ನು, ಆತನು ದುರಸ್ತಿ ಮಾಡಿಸಿದನು. ಅದು ಮತ್ತೆ ಸುಣ್ಣದಡಿಯಲ್ಲಿ ಮರೆಯಾಗಲು, 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಯಿಸಿದನು. ಕಾಗದದ ಮೇಲೆ ಬರೆದ ಅದರ ಒಂದು ಪ್ರತಿ 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಹತ್ತು ಹಾಳೆಗಳ ಆ ಪ್ರತಿ ಸುಮಾರು 32 ಅಡಿ ಉದ್ದ. ಅಡ್ಡಡ್ಡವಾಗಿ ಹರಡಿದ ಈ ಕದನ ವಿಲ್ಕಿಯ ಚಿತ್ರಕ್ಕಿಂತ ಲೋಟಕ್ಕೆ ಚೆನ್ನಾಗಿ ಹೊಂದುತ್ತದೆ. ಆಗ ಕುಡಿಯುವವನ ಕಡೆಗೆ ಗುಲಾಬಿ ಹಿಡಿದ ಸುಲ್ತಾನನಿದ್ದರೆ, ಎದುರು ಕುಳಿತವನಿಗೆ ಕಾಣುವುದು ಬೈಲಿಯ ಪಲ್ಲಕ್ಕಿ.