ತೋಟದ ಏರು, ಶೋರೂಮಿನ ಕೊಟೇಶನ್ನು

ಮೂಡಿಗೆರೆ ಕಡೆ ಕಾಫಿ ತೋಟ ಇಟ್ಟುಕೊಂಡವರಿಗೆ ಜೀಪು ಶೋಕಿಯ ಸಾಮಾನಲ್ಲ. ಮಳೆಗಾಲದಲ್ಲಿ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಹೋಗುವ ಮಣ್ಣಿನ ಏರು ಉತ್ತ ಗದ್ದೆಯಂತಾಗುತ್ತದೆ. ರಾತ್ರಿ ಯಾರಿಗೆ ಹುಷಾರು ತಪ್ಪಿದರೂ ಅದನ್ನು ಹತ್ತಲೇಬೇಕು. ಹಳೇ ಜೀಪು ಕೈಕೊಡಲು ಶುರುಮಾಡಿದ ಮೇಲೆ ಹೊಸದಕ್ಕೆ ಹೊರಟೆ. ಯಾವ ಗಾಡಿಯಾದರೂ ಸರಿ, ಆ ಏರು ಹತ್ತಬೇಕು. ಉಳಿದ ಅಲಂಕಾರಕ್ಕೆ ಹೆಚ್ಚು ದುಡ್ಡು ಕೊಡುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ.

ಥಾರ್ ಅಂದರೆ ನಾಲ್ಕೂ ಚಕ್ರ ಎಳೆಯುತ್ತವೆ ಎಂದು ಬಹಳ ಜನ ನಂಬಿದ್ದಾರೆ. 2023ರ ಜನವರಿಯಲ್ಲಿ ಹಿಂದಿನ ಎರಡೇ ಚಕ್ರ ಎಳೆಯುವ ಥಾರ್ ಕೂಡ ಬಂತು. ನೋಟ ಅದೇ, ಬೆಲೆ ಕಡಿಮೆ; ಅದಕ್ಕೆ ತೆರಿಗೆಯೂ ಒಂದು ಕಾರಣ. ಉದ್ದ ನಾಲ್ಕು ಮೀಟರಿನೊಳಗೆ, ಡೀಸೆಲ್ ಎಂಜಿನ್ 1500 ಸಿಸಿಯೊಳಗೆ ಇದ್ದರೆ ಸಣ್ಣ ಕಾರಿನ ಜಿಎಸ್‌ಟಿ. 2025ರ ಸೆಪ್ಟೆಂಬರ್‌ನಿಂದ ಅದು 18%, ದೊಡ್ಡದಕ್ಕೆ 40%. ಪೇಟೆಯಲ್ಲಿ ಓಡಾಡುವವರಿಗೆ ಈ ಅಗ್ಗದ ಥಾರ್ ಸಾಕು. ಜಾರು ಮಣ್ಣಿಗೆ ಅದು ದಂಡ.

ಗೂರ್ಖಾ ಜೀಪಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಇದೆ. ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದರೂ ಇನ್ನೊಂದು ಎಳೆಯುತ್ತದೆ. ನನಗೂ ಆಸೆಯಾಯಿತು, ಆದರೆ ಸರ್ವೀಸಿಗೆ ನಮ್ಮಲ್ಲಿಂದ ದೂರ ಹೋಗಬೇಕು. ಬೊಲೆರೊ ಕ್ಯಾಂಪರ್‌ನಲ್ಲಿ ಆಳುಗಳೂ ಕೂರಬಹುದು, ಮೂಟೆಯೂ ಹಾಕಬಹುದು. ಆದರೆ ಅದು ಸರಕು ವಾಹನ, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ಜಿಮ್ನಿ ಪೆಟ್ರೋಲ್ ಮಾತ್ರ, ಡಿಕ್ಕಿ ಬಲು ಚಿಕ್ಕದು. ತೂಕ ಮಾತ್ರ ಸುಮಾರು 1200 ಕೆಜಿ. ಕೆಸರಿನಲ್ಲಿ ಹಗುರ ಗಾಡಿ ಹೂತುಕೊಳ್ಳುವುದು ಕಡಿಮೆ. ಗೊಬ್ಬರಕ್ಕೆ ಬಾಡಿಗೆ ಪಿಕಪ್ ಸಿಗುತ್ತದೆ. ವರ್ಷಕ್ಕೆ ನಾಲ್ಕಾರು ದಿನದ ಗೊಬ್ಬರಕ್ಕೆ ದೊಡ್ಡ ಗಾಡಿ ಸಾಕುವುದು ಲೆಕ್ಕಕ್ಕೆ ಕೂರಲಿಲ್ಲ. ನನ್ನ ಓಡಾಟವೂ ಕಡಿಮೆ, ಹಾಗಾಗಿ ಡೀಸೆಲ್‌ಗೆ ಹೆಚ್ಚಿಗೆ ಕೊಟ್ಟ ದುಡ್ಡು ಹುಟ್ಟುವುದಿಲ್ಲ. ಜಿಮ್ನಿಯೇ ಎಂದಾಯಿತು.

ಡೀಲರುಗಳ ಕಥೆ ಬೇರೆ. ಯಾವ ಕಂಪನಿಯವರು ಎನ್ನುವುದು ಬೇಡ, ಹೋದಲ್ಲೆಲ್ಲ ರಾಗ ಒಂದೇ. ಟೆಸ್ಟ್ ಡ್ರೈವ್ ಅಂದರೆ ಬೈಪಾಸಿನಲ್ಲಿ ಒಂದು ಸುತ್ತು. ಒಂದು ಕಡೆ ಹಟ ಹಿಡಿದು ಕಲ್ಲುಮಣ್ಣಿನ ಏರಿಗೆ ಕರೆದುಕೊಂಡು ಹೋದೆ. "ಲೋ ರೇಂಜ್‌ಗೆ ಹಾಕಪ್ಪ" ಅಂದರೆ ಹುಡುಗ ಗಾಡಿ ಉರುಳುತ್ತಿರುವಾಗಲೇ ಲಿವರ್ ಎಳೆಯಲು ಹೋದ. ಗರಗರ ಸದ್ದು. "ನಿಲ್ಲಿಸಿ ನ್ಯೂಟ್ರಲ್ ಮಾಡಿ ಹಾಕಬೇಕು" ಅಂದೆ. "ಸಾರ್, ಇದನ್ನ ಯಾರೂ ಕೇಳಲ್ಲ" ಅಂದ. ಪಾಪ, ನಿಜವೇ ಇರಬೇಕು.

ಕೊಟೇಶನ್ ನೋಡಿದಾಗ ಮಾತ್ರ ಪಾಪ ಅನ್ನಿಸಲಿಲ್ಲ. ಎಕ್ಸ್ ಶೋರೂಮ್ ಬೆಲೆಯಲ್ಲಿ ಚೌಕಾಸಿಗೆ ಅಷ್ಟಾಗಿ ಜಾಗವಿಲ್ಲ. ಜೀವಾವಧಿ ತೆರಿಗೆಯಂತೂ ಸರ್ಕಾರದ್ದು. 10 ಲಕ್ಷ ದಾಟಿದ ಗಾಡಿಗೆ ಕರ್ನಾಟಕದಲ್ಲಿ ಅದೇ ದೊಡ್ಡ ಹೊರೆ. ಡೀಲರಿನ ಆಟ ಇರುವುದು ಅದರ ಕೆಳಗಿನ ಸಾಲುಗಳಲ್ಲಿ: ಇನ್ಶೂರೆನ್ಸ್, ಮ್ಯಾಟು-ಮಡ್‌ಫ್ಲ್ಯಾಪಿನ ಕಿಟ್, ಕೋಟಿಂಗ್, ಹ್ಯಾಂಡ್ಲಿಂಗ್ ಚಾರ್ಜ್. ಹ್ಯಾಂಡ್ಲಿಂಗ್ ಅಂದರೆ ಏನು ಅಂತ ಕೇಳಿದೆ. ಗಾಡಿ ಗೋಡೌನಿಂದ ಶೋರೂಮಿಗೆ ತಂದ ಖರ್ಚಂತೆ. ನಿಮ್ಮ ಅಂಗಡಿಗೆ ನೀವು ಸಾಮಾನು ತಂದಿದ್ದಕ್ಕೆ ನಾನು ಯಾಕೆ ಕೊಡಲಿ ಅಂದಾಗ ಮ್ಯಾನೇಜರ್ ಬಂದು ನಕ್ಕು ಆ ಸಾಲು ಹೊಡೆದುಹಾಕಿದರು.

ಇನ್ಶೂರೆನ್ಸ್ ಅವರಲ್ಲೇ ತಗೊಳ್ಳಬೇಕೆಂಬ ಕಾನೂನಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದನ್ನು ಎಲ್ಲಿ ಬೇಕಾದರೂ ಮಾಡಿಸಬಹುದು. ಹೊರಗಿನ ಪಾಲಿಸಿಯ ರೇಟು ಬರೆಸಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಅವರ ರೇಟು ಅಲ್ಲೇ ಇಳಿಯಿತು. ಸಾಲವೂ ಹಾಗೇ, ಮೊದಲು ನಿಮ್ಮ ಬ್ಯಾಂಕಿನಲ್ಲಿ ಕೇಳಿಕೊಂಡು ಹೋಗಿ. ಪೂರ್ತಿ ದುಡ್ಡು ಕಟ್ಟುವ ಮುಂಚೆ ಗಾಡಿ ತಯಾರಾದ ತಿಂಗಳು, ವರ್ಷ ನೋಡಿ. ಹಳೇ ವರ್ಷದ ಸ್ಟಾಕ್ ಆದರೆ ಅದಕ್ಕೆ ತಕ್ಕ ರಿಯಾಯಿತಿ ಕೇಳಿ, ನಾಚಿಕೊಳ್ಳಬೇಡಿ.

ಕೊನೆಗೊಂದು ಮಾತು ನಮ್ಮ ಬೆಳೆಗಾರರಿಗೆ. ಬೆಲೆ 10 ಲಕ್ಷ ದಾಟಿದರೆ ಡೀಲರ್ 1% ಟಿಸಿಎಸ್ ಕಟ್ಟಿಸಿಕೊಳ್ಳುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗುವ ಮುಂಗಡ, ಕೊಡಬೇಕಾದ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಾದದ್ದು ವಾಪಸ್ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಹಾಕದೆ ಕೂತರೆ ಬರುವುದಿಲ್ಲ.